ಕೂಡದ ಎಲುಬಿಗೆ ಮ್ಯಾಗ್ನೆಟ್ ಮಷಿನ್: ಹಚ್ಚುವ ಮೊದಲು, ಹಚ್ಚಿದ ಮೇಲೆ

ಬೈಕ್ ಮೇಲಿಂದ ಬಿದ್ದು ಮೊಣಕಾಲ ಕೆಳಗಿನ ಎಲುಬು ಮುರಿದಿದೆ. ಒಳಗೆ ರಾಡ್ ಹಾಕಿದ್ದಾರೆ. ಏಳೆಂಟು ತಿಂಗಳಾದರೂ ಎಕ್ಸ್‌ರೇಯಲ್ಲಿ ಮುರಿದ ಗೆರೆ ಹಾಗೇ ಕಾಣುತ್ತಿದೆ, ಊರಿದರೆ ನೋವು. ಇಂಥವರ ಮುಂದೆ ಡಾಕ್ಟರು ಸಾಮಾನ್ಯವಾಗಿ ಎರಡು ದಾರಿ ಇಡುತ್ತಾರೆ. ಒಂದು, ಮತ್ತೊಂದು ಆಪರೇಷನ್. ಇನ್ನೊಂದು, ಕೆಲವು ತಿಂಗಳು ವಿದ್ಯುತ್ಕಾಂತೀಯ ಚಿಕಿತ್ಸೆ, ಜನರ ಬಾಯಲ್ಲಿ ಹೇಳುವುದಾದರೆ ‘ಮ್ಯಾಗ್ನೆಟ್ ಮಷಿನ್’. ಎರಡನೆಯದನ್ನು ಆರಿಸಿಕೊಂಡವರಿಗೆ, ಅವರ ಮನೆಯವರಿಗೆ ಮತ್ತು ತಾಲೂಕು ಊರುಗಳ ಫಿಸಿಯೋಥೆರಪಿಸ್ಟ್‌ಗಳಿಗೆ ಈ ಬರಹ.

ಮಷಿನ್ ಎಲುಬನ್ನು ಹಿಡಿದು ನಿಲ್ಲಿಸುವುದಿಲ್ಲ, ಅಂತರ ತುಂಬುವುದಿಲ್ಲ, ಕೀವು ಒಣಗಿಸುವುದಿಲ್ಲ. ಅಲ್ಲಾಡದೆ ನಿಂತಿರುವ, ತುದಿಗಳು ಹತ್ತಿರವಿರುವ, ರಕ್ತ ಹರಿಯುತ್ತಿರುವ, ಸೋಂಕಿಲ್ಲದ ಮುರಿತಕ್ಕೆ ಮಾತ್ರ ಅದರಿಂದ ನೆರವು ಸಿಕ್ಕೀತು. ಈ ನಾಲ್ಕರಲ್ಲಿ ಒಂದು ಇಲ್ಲದಿದ್ದರೂ ದಿನಕ್ಕೆ ಹತ್ತು ತಾಸು ಹಚ್ಚಿಕೊಂಡು ಮಲಗಿದರೂ ಪ್ರಯೋಜನವಿಲ್ಲ.

ಮೊದಲು, ಯಾಕೆ ಕೂಡಲಿಲ್ಲ?

ಔಷಧಿ, ವೈದ್ಯಕೀಯ ಸಾಧನಗಳಿಗೆ ಒಪ್ಪಿಗೆ ಕೊಡುವ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಡಿಎ ‘ಕೂಡದ ಎಲುಬು’ ಎಂದು ಕರೆಯಲು ಒಂದು ಅಳತೆ ಇಟ್ಟಿತ್ತು: ಮುರಿದು ಕನಿಷ್ಠ 9 ತಿಂಗಳಾಗಿರಬೇಕು, ಕೊನೆಯ 3 ತಿಂಗಳಲ್ಲಿ ಎಕ್ಸ್‌ರೇಯಲ್ಲಿ ಏನೂ ಮುಂದುವರಿದಿರಬಾರದು. ಅದಕ್ಕಿಂತ ಮೊದಲಿನದು ‘ತಡವಾಗಿ ಕೂಡುತ್ತಿರುವ ಎಲುಬು’. ಮುರಿದು ಆರು ವಾರ ಆಗಿಲ್ಲ, ಆಗಲೇ ಮಷಿನ್ ಬೇಕು ಎನ್ನುವವರಿದ್ದಾರೆ. ಬೇಡ. ದೊಡ್ಡವರ ಟಿಬಿಯಾ, ಅಂದರೆ ಮೊಣಕಾಲಿನಿಂದ ಹರಡಿನವರೆಗಿನ ದಪ್ಪ ಎಲುಬು, ಕೂಡಲು ನಾಲ್ಕರಿಂದ ಐದು ತಿಂಗಳು ತೆಗೆದುಕೊಳ್ಳುವುದು ಸಹಜ.

ಎಕ್ಸ್‌ರೇ ಎರಡು ಕಡೆಯಿಂದ ಬೇಕು, ಮುಂದಿನಿಂದ ಒಂದು, ಪಕ್ಕದಿಂದ ಒಂದು. ಎರಡೂ ಸೇರಿ ಎಲುಬಿನ ನಾಲ್ಕು ಗೋಡೆ ಕಾಣುತ್ತವೆ: ಮುಂದೆ, ಹಿಂದೆ, ಒಳಬದಿ, ಹೊರಬದಿ. ಈ ನಾಲ್ಕರಲ್ಲಿ ಮೂರು ಕಡೆ ಹೊಸ ಎಲುಬು ಸೇತುವೆಯಾಗಿ ದಾಟಿದ್ದರೆ ಕೂಡಿದೆ ಎಂದು ಲೆಕ್ಕ. ಒಂದೇ ಚಿತ್ರ ನೋಡಿ ಹೇಳುವುದು ಮೋಸ, ಯಾಕೆಂದರೆ ರಾಡ್ ಅಥವಾ ಪ್ಲೇಟಿನ ನೆರಳಿನಲ್ಲಿ ಒಂದು ಗೋಡೆ ಪೂರ್ತಿ ಮುಚ್ಚಿಹೋಗುತ್ತದೆ. ಗೊಂದಲವಿದ್ದರೆ ಸಿಟಿ ಸ್ಕ್ಯಾನ್ ತೆಗೆಸಬೇಕು.

ಚಿತ್ರದಲ್ಲಿ ಮುರಿದ ತುದಿಗಳ ಆಕಾರವನ್ನೂ ಡಾಕ್ಟರಿಂದ ಕೇಳಿ ತಿಳಿಯಿರಿ. ತುದಿಗಳು ಆನೆಯ ಪಾದದಂತೆ ಅಗಲವಾಗಿ ಉಬ್ಬಿದ್ದರೆ ರಕ್ತ ಚೆನ್ನಾಗಿದೆ, ಎಲುಬು ಬೆಳೆಯಲು ಒದ್ದಾಡುತ್ತಿದೆ, ಆದರೆ ಅಲ್ಲಾಟ ಬಿಡುತ್ತಿಲ್ಲ ಎಂದರ್ಥ. ಇಂಥದ್ದು ಮೊದಲು ಗಟ್ಟಿ ಆಧಾರ ಬೇಡುತ್ತದೆ, ಮಷಿನ್ನಿಗೂ ಒಳ್ಳೆಯ ಉತ್ತರ ಕೊಡುವುದು ಇದೇ. ತುದಿಗಳು ಸವೆದು ಚೂಪಾಗಿ, ಸುತ್ತ ಏನೂ ಬೆಳೆಯದೆ ಇದ್ದರೆ ಜೀವವೇ ಕಮ್ಮಿ. ಅಲ್ಲಿ ಸೊಂಟದ ಎಲುಬಿನಿಂದ ಚೂರು ತೆಗೆದು ತುಂಬುವ ಆಪರೇಷನ್ನೇ ಹೆಚ್ಚು ನಂಬಿಕೆಯದು. ಎರಡು ತುದಿಗಳ ನಡುವಿನ ಅಂತರ 1 ಸೆಂ.ಮೀ. ದಾಟಿದ್ದರೆ, ಇಲ್ಲವೇ ಆ ಎಲುಬಿನ ಅರ್ಧ ದಪ್ಪಕ್ಕಿಂತ ಹೆಚ್ಚಿದ್ದರೆ ಮಷಿನ್ ಹಚ್ಚಬಾರದು. ಮುರಿದ ಜಾಗವೇ ಕೀಲಿನಂತೆ ಆಡುತ್ತ ಒಳಗೆ ನೀರು ತುಂಬಿಕೊಂಡಿದ್ದರೂ ಅಷ್ಟೇ.

ರಕ್ತಪರೀಕ್ಷೆಯಲ್ಲಿ ಸೋಂಕಿನ ಸುಳಿವು ಕೊಡುವ ಇಎಸ್‌ಆರ್, ಸಿಆರ್‌ಪಿ ಎರಡೂ ಇರಲಿ. ರಾಡ್ ಹಾಕಿದ ಕಾಲಿನಲ್ಲಿ ಹೊರಗೆ ಗಾಯ ಮಾಯ್ದಿದ್ದರೂ ಒಳಗೆ ಸಣ್ಣಗೆ ಸೋಂಕು ಉಳಿದಿರಬಹುದು, ಎಲುಬು ಕೂಡದಿರಲು ಅದೊಂದೇ ಸಾಕು. ಜೊತೆಗೆ ವಿಟಮಿನ್ ಡಿ (ಮಿ.ಲೀ.ಗೆ 20 ನ್ಯಾನೋಗ್ರಾಂಗಿಂತ ಕಡಿಮೆ ಇದ್ದರೆ ಕೊರತೆ), ಸಕ್ಕರೆ ಕಾಯಿಲೆ ತಿಳಿಸುವ ಎಚ್‌ಬಿಎ1ಸಿ, ಥೈರಾಯ್ಡ್, ಹಿಮೋಗ್ಲೋಬಿನ್. ಬಿಸಿಲಲ್ಲಿ ದುಡಿಯುವವರಿಗೆ ವಿಟಮಿನ್ ಡಿ ಕೊರತೆ ಇರಲಾರದು ಎಂದು ಬಿಟ್ಟುಬಿಡಬೇಡಿ. ತಿಂಗಳುಗಟ್ಟಲೆ ಪಡಸಾಲೆಯಲ್ಲೇ ಮಲಗಿದವರ ಲೆಕ್ಕ ಬೇರೆ.

ಇನ್ನು ತಂಬಾಕು. ಬೀಡಿ, ಸಿಗರೇಟು ಮಾತ್ರವಲ್ಲ, ಗುಟ್ಕಾ, ಮಾವಾ, ಸುಣ್ಣ ಹಚ್ಚಿ ತಿಕ್ಕಿದ ತಂಬಾಕು ಎಲ್ಲದರಲ್ಲೂ ನಿಕೋಟಿನ್ ಇದೆ. ಅದು ಸಣ್ಣ ರಕ್ತನಾಳಗಳನ್ನು ಬಿಗಿಗೊಳಿಸಿ ಮುರಿತದ ಜಾಗಕ್ಕೆ ಹೋಗುವ ರಕ್ತವನ್ನೇ ಕಡಿಮೆ ಮಾಡುತ್ತದೆ. ಕೇಳಿದರೆ ‘ಸೇದಂಗಿಲ್ರಿ’ ಅನ್ನುತ್ತಾರೆ, ದವಡೆಯೊಳಗೆ ಮಾವಾ ಇರುತ್ತದೆ. ಬಾಡಿಗೆ ಕೊಟ್ಟು ಮಷಿನ್ ತಂದು, ಮಗ್ಗುಲಲ್ಲಿ ಗುಟ್ಕಾ ಚೀಟಿ ಇಟ್ಟುಕೊಂಡರೆ ದುಡ್ಡು ದಂಡ. ನೋವಿಗೆಂದು ಅಂಗಡಿಯಿಂದ ತಂದ ಡೈಕ್ಲೋಫೆನಾಕ್ ಗುಳಿಗೆಯನ್ನು ವಾರಗಟ್ಟಲೆ ನುಂಗುವುದನ್ನೂ ಡಾಕ್ಟರಿಗೆ ತಿಳಿಸಿ.

ಯಾವ ಮಷಿನ್, ಯಾವುದು ಅಲ್ಲ

ಒಣ ಎಲುಬನ್ನು ಒತ್ತಿದಾಗ ಅದರಲ್ಲಿ ಸಣ್ಣ ವಿದ್ಯುತ್ ಹುಟ್ಟುತ್ತದೆ ಎಂದು ಜಪಾನಿನ ಫುಕಾಡಾ ಮತ್ತು ಯಸುದಾ 1957ರಲ್ಲಿ ತೋರಿಸಿದರು. ಹಾಗಾದರೆ ಹೊರಗಿನಿಂದ ವಿದ್ಯುತ್ ಕೊಟ್ಟರೆ ಎಲುಬು ಬೆಳೆಯಬಹುದೇ ಎಂಬ ಪ್ರಶ್ನೆ ಅಲ್ಲಿಂದ ಬಂತು. ಕೊಲಂಬಿಯಾ ವಿಶ್ವವಿದ್ಯಾಲಯದ ಆಂಡ್ರ್ಯೂ ಬ್ಯಾಸೆಟ್ ಚರ್ಮ ಕೊಯ್ಯದೆ, ಹೊರಗೆ ಕಾಯಿಲ್ (ಬಳೆಯಂತೆ ಸುತ್ತಿದ ತಂತಿ) ಇಟ್ಟು ಮಿಡಿಯುವ ಕಾಂತಕ್ಷೇತ್ರ ಕೊಡುವ ದಾರಿ ಬೆಳೆಸಿದರು; 1979ರಲ್ಲಿ ಎಫ್‌ಡಿಎ ಒಪ್ಪಿಗೆ ಸಿಕ್ಕಿತು. ಇದಕ್ಕೆ ಪಿಇಎಂಎಫ್ ಎಂದು ಹೆಸರು. ಬದಲಾಗುತ್ತಿರುವ ಕಾಂತಕ್ಷೇತ್ರ ಎಲುಬಿನೊಳಗೆ ತೀರ ಸಣ್ಣ ವಿದ್ಯುತ್ತನ್ನು ಪ್ರೇರಿಸುತ್ತದೆ, ಸೆಂಟಿಮೀಟರಿಗೆ ಒಂದೆರಡು ಮಿಲಿವೋಲ್ಟ್. ಎಲುಬು ಕಟ್ಟುವ ಜೀವಕೋಶಗಳೊಳಗೆ ಕ್ಯಾಲ್ಸಿಯಂ ಸಂಕೇತ ಹೆಚ್ಚುತ್ತದೆ, ಬೆಳವಣಿಗೆಯ ಪ್ರೋಟೀನುಗಳು ಹೊರಬರುತ್ತವೆ. ರೋಗಿಗೆ ಏನೂ ಅನ್ನಿಸುವುದಿಲ್ಲ. ಚುರುಕ್ ಎನ್ನುವುದಿಲ್ಲ, ಬಿಸಿ ತಟ್ಟುವುದಿಲ್ಲ.

ಮುಖ್ಯವಾಗಿ ಮೂರು ಬಗೆ ಇವೆ. ಕಾಯಿಲ್ ಬಗೆಯದು ಮೇಲೆ ಹೇಳಿದ್ದು. ಹಳೆಯ ಮಷಿನ್‌ಗಳಲ್ಲಿ ಸೆಕೆಂಡಿಗೆ ಸುಮಾರು 15 ಸಲ ಮಿಡಿತದ ಗುಚ್ಛ ಬರುತ್ತದೆ, ಗರಿಷ್ಠ ಬಲ ಸುಮಾರು 2 ಮಿಲಿಟೆಸ್ಲಾ. ಎರಡನೆಯದು ಚರ್ಮದ ಮೇಲೆ ಎರಡು ಪ್ಯಾಡ್ ಅಂಟಿಸಿ 60 ಕಿಲೋಹರ್ಟ್ಜ್ ಸಂಕೇತ ಕೊಡುವುದು. ಇದನ್ನು ಹೆಚ್ಚುಕಡಿಮೆ ದಿನವಿಡೀ ಹಚ್ಚಿರಬೇಕು, ಪ್ಲಾಸ್ಟರ್ ಇದ್ದರೆ ಪ್ಯಾಡ್ ಕೂರಿಸಲು ಕಿಂಡಿ ಕೊರೆಯಬೇಕು, ಬೇಸಗೆಯಲ್ಲಿ ಜೆಲ್ ಕೆಳಗೆ ಚರ್ಮ ಕೆರೆತ ಬರುತ್ತದೆ. ಮೂರನೆಯದು ಆಪರೇಷನ್ ಮಾಡಿ ಒಳಗೇ ಹೂಳುವ ಬ್ಯಾಟರಿ. ಅದರ ಋಣ ತಂತಿ ಮುರಿತದ ಜಾಗದಲ್ಲಿರುತ್ತದೆ, ಕೊಡುವುದು 20 ಮೈಕ್ರೋಆಂಪಿಯರ್ ನೇರ ವಿದ್ಯುತ್. ಮನೆಯಲ್ಲಿ ಹಚ್ಚಿಕೊಳ್ಳಲು ಸುಲಭ ಮೊದಲನೆಯದು, ಮುಂದಿನ ಮಾತೆಲ್ಲ ಅದರದೇ.

ಈಗ ಗೊಂದಲ ಬಿಡಿಸೋಣ. ನಮ್ಮ ಕಡೆ ಫಿಸಿಯೋಥೆರಪಿ ಕೋಣೆಯಲ್ಲಿ ಏನೇ ಹಚ್ಚಿದರೂ ‘ಕರೆಂಟ್ ಕೊಡೋದು’ ಎನ್ನುವ ರೂಢಿ. ಐಎಫ್‌ಟಿ ಮತ್ತು ಟೆನ್ಸ್ ನೋವು ಕಡಿಮೆ ಮಾಡಲು ಇರುವ ಮಷಿನ್‌ಗಳು, ಎಲುಬು ಕೂಡಿಸಲು ಅಲ್ಲ. ಎಸ್‌ಡಬ್ಲ್ಯುಡಿ ಎಂಬುದು 27.12 ಮೆಗಾಹರ್ಟ್ಜ್‌ನಲ್ಲಿ ಒಳಗೆ ಬಿಸಿ ಹುಟ್ಟಿಸುವ ಮಷಿನ್. ರಾಡ್, ಪ್ಲೇಟ್ ಇರುವ ಜಾಗಕ್ಕೆ ಅದನ್ನು ಹಚ್ಚಿದರೆ ಲೋಹದ ಸುತ್ತ ಮಾಂಸ ಸುಡುವ ಅಪಾಯವಿದೆ. ‘ಇದೂ ಮ್ಯಾಗ್ನೆಟಿಕ್ಕೇ’ ಎಂದು ಯಾರಾದರೂ ಎಸ್‌ಡಬ್ಲ್ಯುಡಿ ಹಚ್ಚಲು ಬಂದರೆ ಒಳಗೆ ಲೋಹವಿದೆ ಎಂದು ಗಟ್ಟಿಯಾಗಿ ಹೇಳಿ ಎದ್ದುಬನ್ನಿ.

ಅಲ್ಟ್ರಾಸೌಂಡ್ ವಿದ್ಯುತ್ಕಾಂತೀಯವಲ್ಲ, ಶಬ್ದದ ಅಲೆ. ಎಲುಬಿಗೆಂದೇ ಇರುವ ಕಡಿಮೆ ಬಲದ್ದು 1.5 ಮೆಗಾಹರ್ಟ್ಜ್, ಚದರ ಸೆಂ.ಮೀ.ಗೆ 30 ಮಿಲಿವ್ಯಾಟ್, ದಿನಕ್ಕೆ 20 ನಿಮಿಷ. ಫಿಸಿಯೋಥೆರಪಿಯ ಸಾಮಾನ್ಯ ಅಲ್ಟ್ರಾಸೌಂಡ್ ಅದರ ಹತ್ತಾರು ಪಟ್ಟು ಬಲದ್ದು, ಒಂದರ ಬದಲು ಇನ್ನೊಂದು ಆಗುವುದಿಲ್ಲ. ಹೊಸ ಟಿಬಿಯಾ ಮುರಿತದ ಸುಮಾರು 500 ರೋಗಿಗಳ ಮೇಲೆ ನಡೆದು 2016ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯಲ್ಲಿ ಆ ಕಡಿಮೆ ಬಲದ್ದರಿಂದಲೂ ಲಾಭ ಕಾಣಲಿಲ್ಲ.

ಜಾತ್ರೆಯಲ್ಲಿ, ಬಸ್ ಸ್ಟ್ಯಾಂಡ್ ಹತ್ತಿರ ಮಾರುವ ಮ್ಯಾಗ್ನೆಟ್ ಪಟ್ಟಿ, ಮ್ಯಾಗ್ನೆಟ್ ಹಾಸಿಗೆ? ಸುಮ್ಮನೆ ಕೂತ ಅಯಸ್ಕಾಂತದ ಕ್ಷೇತ್ರ ಬದಲಾಗುವುದಿಲ್ಲ, ಬದಲಾಗದಿದ್ದರೆ ಎಲುಬಿನೊಳಗೆ ವಿದ್ಯುತ್ ಹುಟ್ಟುವುದಿಲ್ಲ. ಹೈಸ್ಕೂಲ್ ವಿಜ್ಞಾನ ಸಾಕು ಇದನ್ನು ತಿಳಿಯಲು. ಇನ್ನು ಪಂಪ್‌ಸೆಟ್ ಮೋಟರ್ ವೈಂಡಿಂಗ್ ಅಂಗಡಿಯಲ್ಲಿ ಕಾಯಿಲ್ ಸುತ್ತಿಸಿ 230 ವೋಲ್ಟಿಗೆ ಸಿಕ್ಕಿಸುವ ಸಾಹಸ ಯಾರೂ ಮಾಡಬಾರದು. ಬೆವರು ಕುಡಿದ ಪ್ಲಾಸ್ಟರ್, ಅದರ ಮೇಲೆ ಮೇನ್ಸ್ ಕಾಯಿಲ್: ಇನ್ಸುಲೇಷನ್ ಒಂದು ಕಡೆ ಸವೆದರೂ ಜೀವ ಹೋಗುತ್ತದೆ. ಚಿಕಿತ್ಸೆಯ ಮಷಿನ್ ಬ್ಯಾಟರಿಯಲ್ಲಿ, ಇಲ್ಲವೇ ಪ್ರತ್ಯೇಕಿಸಿದ ಕಡಿಮೆ ವೋಲ್ಟೇಜಿನಲ್ಲಿ ನಡೆಯುವುದು ಸುಮ್ಮನೆ ಅಲ್ಲ.

ಆಸ್ಪತ್ರೆಗೆ ಹೋಗಿಬಂದು ಮಾಡುವುದೋ, ಮನೆಯಲ್ಲೋ

ಕೆಲವು ಫಿಸಿಯೋಥೆರಪಿ ಸೆಂಟರುಗಳಲ್ಲಿ ಕಾಲು ತೂರಿಸುವ ದೊಡ್ಡ ಕೊಳವೆಯಂಥ ಮ್ಯಾಗ್ನೆಟೋಥೆರಪಿ ಮಷಿನ್ ಇರುತ್ತದೆ. 20–30 ನಿಮಿಷದಂತೆ ಹತ್ತು ಹದಿನೈದು ದಿನ ಕೊಡುತ್ತಾರೆ. ಊತ, ನೋವಿಗೆ ಅದು ಏನೇ ಮಾಡಲಿ, ಕೂಡದ ಎಲುಬಿನ ಮೇಲೆ ಪರೀಕ್ಷೆಯಾದ ಚಿಕಿತ್ಸೆ ಇದಲ್ಲ. ಆ ಪರೀಕ್ಷೆಗಳಲ್ಲಿ ದಿನಕ್ಕೆ 8, 10, 12 ತಾಸು, ಅದೂ ತಿಂಗಳುಗಟ್ಟಲೆ ಹಚ್ಚಿದ್ದರು. ಮುಂದೆ ಬಂದ ಕೆಲವು ಮಷಿನ್‌ಗಳು 3 ತಾಸಿನವು. ಸ್ಥಿರ ಕ್ಷೇತ್ರ ಮತ್ತು ಬದಲಾಗುವ ಕ್ಷೇತ್ರ ಎರಡನ್ನೂ ಸೇರಿಸಿ, 76.6 ಹರ್ಟ್ಜ್‌ನಲ್ಲಿ ದಿನಕ್ಕೆ 30 ನಿಮಿಷ ಕೊಡುವ ಒಂದು ಬೇರೆ ಬಗೆಯೂ ಇದೆ. ಅದರ 30 ನಿಮಿಷ ಅದಕ್ಕೇ ಸರಿ, ಬೇರೆ ಮಷಿನ್ನಿಗೆ ಆ ಲೆಕ್ಕ ಹಚ್ಚುವಂತಿಲ್ಲ.

ಅದೂ ಅಲ್ಲದೆ, ಮುಂಡರಗಿಯಿಂದಲೋ ಸವಣೂರಿನಿಂದಲೋ ದಿನಾ ಬಸ್ ಹತ್ತಿ ಹುಬ್ಬಳ್ಳಿಗೆ ಬಂದು ಅರ್ಧ ತಾಸು ಮಷಿನ್ ಹಚ್ಚಿಸಿಕೊಂಡು ಹೋದರೆ, ಹಚ್ಚಿಕೊಂಡಿದ್ದಕ್ಕಿಂತ ಬಸ್ಸಿನ ಮೆಟ್ಟಿಲು, ರಸ್ತೆಯ ಗುಂಡಿ ಮುರಿತಕ್ಕೆ ಹೆಚ್ಚು ಕೆಲಸ ಮಾಡುತ್ತವೆ. ಹುಬ್ಬಳ್ಳಿ-ಧಾರವಾಡದ ಚಿಗರಿ ಬಸ್ಸಿಗೆ ಪ್ಲಾಟ್‌ಫಾರ್ಮಿನಿಂದ ಸಮತಲದಲ್ಲೇ ಹತ್ತಬಹುದು, ಹಳ್ಳಿ ಬಸ್ಸಿಗೆ ಆ ಸೌಲಭ್ಯವಿಲ್ಲ. ಮನೆಗೆ ಮಷಿನ್ ತರುವುದೇ ಮೇಲು.

ತರುವಾಗ ಮಾರುವವರಿಂದ ಇಷ್ಟನ್ನು ಬರೆಸಿಕೊಳ್ಳಿ: ಮಿಡಿತ ಎಷ್ಟು ಹರ್ಟ್ಜ್, ಕಾಯಿಲ್ ನಡುವೆ ಗರಿಷ್ಠ ಎಷ್ಟು ಮಿಲಿಟೆಸ್ಲಾ, ದಿನಕ್ಕೆ ಎಷ್ಟು ತಾಸು, ತಾಸು ಎಣಿಸುವ ಮೀಟರ್ ಇದೆಯೇ, ಪೆಟ್ಟಿಗೆಯ ಮೇಲೆ ವೈದ್ಯಕೀಯ ಸಾಧನದ ಲೈಸೆನ್ಸ್ ನಂಬರ್ ಇದೆಯೇ. ‘ಎಲ್ಲಾ ರೋಗಕ್ಕೂ ಆಗುತ್ತದೆ’ ಎಂದರೆ ಅಲ್ಲಿಂದ ಹೊರಡಿ. ಸೆಕೆಂಡ್‌ಹ್ಯಾಂಡ್ ಕೊಳ್ಳುವವರಿಗೆ ಒಂದು ಎಚ್ಚರ: ಕೆಲವು ಮಷಿನ್‌ಗಳನ್ನು ಒಬ್ಬ ರೋಗಿಗೆಂದೇ ಮಾಡಿರುತ್ತಾರೆ, ಗೊತ್ತುಪಡಿಸಿದ ದಿನ ಮುಗಿದ ಮೇಲೆ ದೀಪ ಉರಿದರೂ ಕಾಯಿಲ್‌ಗೆ ಏನೂ ಹೋಗದಿರಬಹುದು.

ಯಾರಿಗೆ ಬೇಡ: ಪೇಸ್‌ಮೇಕರ್ ಅಥವಾ ಎದೆಯೊಳಗೆ ಡಿಫಿಬ್ರಿಲೇಟರ್ ಇರುವವರಿಗೆ, ಬಸುರಿಯರಿಗೆ, ಮುರಿತದ ಜಾಗದಲ್ಲಿ ಗಡ್ಡೆ ಇರುವವರಿಗೆ, ಕೀವು ಸುರಿಯುತ್ತಿರುವವರಿಗೆ. ಇನ್ನೂ ಬೆಳೆಯುತ್ತಿರುವ ಮಕ್ಕಳಿಗೆ ತಜ್ಞರು ಹೇಳದೆ ಹಚ್ಚಬಾರದು. ಮಗ್ಗುಲಲ್ಲಿ ಮಲಗುವವರಿಗೆ ಪೇಸ್‌ಮೇಕರ್ ಇದ್ದರೆ ಅವರ ಹಾಸಿಗೆ ಬೇರೆ ಕೋಣೆಗೆ.

ಒಳಗಿನ ಟೈಟಾನಿಯಂ ಅಥವಾ 316ಎಲ್ ಸ್ಟೀಲ್ ರಾಡ್-ಪ್ಲೇಟ್‌ಗಳು ಅಯಸ್ಕಾಂತಕ್ಕೆ ಅಂಟುವಂಥವಲ್ಲ, ಈ ಕಡಿಮೆ ಆವರ್ತನದಲ್ಲಿ ಕಾಯುವುದೂ ಇಲ್ಲ. ಹೊರಗೆ ಕಂಬಿ ಕಟ್ಟಿದವರು ಮಾತ್ರ ಒಂದು ಸಣ್ಣ ಅಯಸ್ಕಾಂತವನ್ನು ಆ ಕಂಬಿಯ ಕ್ಲಾಂಪಿಗೆ ಮುಟ್ಟಿಸಿ ನೋಡಿ. ಗಟ್ಟಿಯಾಗಿ ಅಂಟಿದರೆ ಕ್ಷೇತ್ರ ಆ ಕಡೆ ಸೆಳೆದುಹೋಗುತ್ತದೆ, ಕಾಯಿಲ್ ಜಾಗ ಬದಲಿಸಬೇಕೋ ಏನೋ ಡಾಕ್ಟರಿಗೆ ತೋರಿಸಿ.

ಕಾಯಿಲ್ ಕೂರಿಸುವುದು

ಹೆಚ್ಚಿನ ಸೋಲು ಇಲ್ಲೇ ಆಗುವುದು, ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇವೆ.

ಪ್ಲಾಸ್ಟರ್ ಕಾಂತಕ್ಷೇತ್ರವನ್ನು ತಡೆಯುವುದಿಲ್ಲ. ಬಟ್ಟೆ, ಬ್ಯಾಂಡೇಜ್ ಕೂಡ ತಡೆಯುವುದಿಲ್ಲ. ತಡೆಯುವುದು ದೂರ. ಒಂದೇ ಕಾಯಿಲ್ ಇದ್ದರೆ ಅದರ ನಡುಬಿಂದುವಿನಲ್ಲಿ ಇರುವ ಬಲವನ್ನು 100 ಎನ್ನೋಣ. ಕಾಯಿಲ್‌ನ ಅರ್ಧ ತ್ರಿಜ್ಯದಷ್ಟು ಒಳಗೆ ಹೋದರೆ ಅದು 72 ಆಗುತ್ತದೆ, ಒಂದು ತ್ರಿಜ್ಯದಷ್ಟು ಒಳಗೆ 35, ಎರಡು ತ್ರಿಜ್ಯದಷ್ಟು ಒಳಗೆ ಬರೀ 9. ಅಂದರೆ 10 ಸೆಂ.ಮೀ. ಅಗಲದ ಕಾಯಿಲ್ ಟಿಬಿಯಾಕ್ಕೆ ಸಾಕು, ಅಲ್ಲಿ ಎಲುಬು ಚರ್ಮದ ಕೆಳಗೇ ಇದೆ. ಅದೇ ಕಾಯಿಲನ್ನು ದಪ್ಪ ತೊಡೆಯ ಮೇಲೆ ಇಟ್ಟರೆ 10 ಸೆಂ.ಮೀ. ಆಳದ ಎಲುಬಿಗೆ ಹತ್ತರಲ್ಲೊಂದು ಪಾಲು ಮುಟ್ಟಿದರೆ ಹೆಚ್ಚು. ತೊಡೆಗೆ ದೊಡ್ಡ ಕಾಯಿಲ್ ಬೇಕು, ಇಲ್ಲವೇ ಎರಡು ಕಡೆಯಿಂದ ಜೋಡಿ ಕಾಯಿಲ್.

ಜೋಡಿ ಕಾಯಿಲ್‌ನಲ್ಲಿ ಎರಡರ ನಡುವಿನ ದೂರ ಒಂದರ ತ್ರಿಜ್ಯದಷ್ಟಿದ್ದರೆ ನಡುವಿನ ಕ್ಷೇತ್ರ ಎಲ್ಲ ಕಡೆ ಸಮ. 20 ಸೆಂ.ಮೀ. ಅಗಲದ ಜೋಡಿಯನ್ನು ಸುಮಾರು 10 ಸೆಂ.ಮೀ. ಅಂತರದಲ್ಲಿ ಇಡಬೇಕು. ಎರಡೂ ಒಂದನ್ನೊಂದು ನೇರ ನೋಡಬೇಕು, ಓರೆಯಾಗಬಾರದು. ಅದಕ್ಕಿಂತ ಮುಖ್ಯ: ಎರಡರ ಮೇಲಿನ ಬಾಣದ ಗುರುತು ಒಂದೇ ದಿಕ್ಕಿಗಿರಬೇಕು. ಒಂದು ಕಾಯಿಲ್ ತಿರುಗಿ ಕೂತರೆ ಎರಡರ ಬಲವೂ ಒಂದನ್ನೊಂದು ಕೊಂದುಕೊಳ್ಳುತ್ತದೆ, ಅದೂ ಸರಿಯಾಗಿ ನಟ್ಟನಡುವೆ, ಎಲುಬು ಇರುವಲ್ಲೇ. ಮಷಿನ್ ನಡೆಯುತ್ತಿರುತ್ತದೆ, ದೀಪ ಉರಿಯುತ್ತಿರುತ್ತದೆ, ತಾಸು ಎಣಿಕೆಯಾಗುತ್ತಿರುತ್ತದೆ. ಎಲುಬಿಗೆ ಮಾತ್ರ ಶೂನ್ಯ. ಮನೆಯವರಿಗೆ ಗುರುತು ಸಿಗಲೆಂದು ಎರಡರ ಹೊರಮೈಗೂ ಬಣ್ಣದ ಟೇಪ್ ಹಚ್ಚಿ, ‘ಮೇಲೆ’, ‘ಹೊರಗೆ’ ಎಂದು ಬರೆದಿಡಿ.

ಮುರಿತ ಎಲ್ಲಿದೆ ಎಂದು ಹೊರಗಿನಿಂದ ಅಂದಾಜು ಮಾಡಬೇಡಿ. ಎಕ್ಸ್‌ರೇ ಫಿಲ್ಮ್ ಮೇಲೆ ಸ್ಕೇಲ್ ಇಟ್ಟು ಅಳೆದರೂ ತಪ್ಪುತ್ತದೆ, ಚಿತ್ರ ನಿಜಕ್ಕಿಂತ ದೊಡ್ಡದಾಗಿ ಬಂದಿರುತ್ತದೆ. ಹೀಗೆ ಮಾಡಿ:

1. ಮುಂದಿನ ಸಲ ಎಕ್ಸ್‌ರೇಗೆ ಹೋದಾಗ ಮುರಿತ ಇರಬಹುದೆಂದು ಅನ್ನಿಸುವ ಮಟ್ಟದಲ್ಲಿ ಪ್ಲಾಸ್ಟರಿನ ಮೇಲೆ ಒಂದು ಪೇಪರ್ ಕ್ಲಿಪ್ಪನ್ನು ಅಡ್ಡಲಾಗಿ ಟೇಪಿನಿಂದ ಅಂಟಿಸಿ. ಮುಂದೆ ಒಂದು, ಪಕ್ಕಕ್ಕೆ ಒಂದು.

2. ಚಿತ್ರದಲ್ಲಿ ಕ್ಲಿಪ್ ಮುರಿತಕ್ಕಿಂತ ಮೇಲಿದೆಯೋ ಕೆಳಗಿದೆಯೋ ನೋಡಿ. ಕ್ಲಿಪ್ಪಿನ ನಿಜವಾದ ಉದ್ದ ನಿಮಗೆ ಗೊತ್ತಲ್ಲ, ಚಿತ್ರದಲ್ಲಿ ಅದೆಷ್ಟು ಬಂದಿದೆಯೋ ಆ ಲೆಕ್ಕದಲ್ಲಿ ಎಷ್ಟು ಸರಿಸಬೇಕೆಂದು ತಿಳಿಯುತ್ತದೆ.

3. ಸರಿಯಾದ ಮಟ್ಟದಲ್ಲಿ ಪ್ಲಾಸ್ಟರಿನ ಮೇಲೆ ಮಾಸದ ಮಾರ್ಕರಿನಿಂದ ಸುತ್ತಲೂ ಗೆರೆ ಎಳೆಯಿರಿ. ಡಾಕ್ಟರ್ ಅಥವಾ ಪ್ಲಾಸ್ಟರ್ ಕೋಣೆಯವರ ಕೈಯಲ್ಲೇ ಎಳೆಸಿದರೆ ಇನ್ನೂ ಒಳ್ಳೆಯದು. ಪ್ಲಾಸ್ಟರ್ ಇಲ್ಲದವರು ಹರಡಿನ ಒಳಗಿನ ಎಲುಬಿನ ತುದಿಯಿಂದ ಎಷ್ಟು ಸೆಂ.ಮೀ. ಮೇಲೆ ಎಂದು ಬರೆದಿಟ್ಟುಕೊಳ್ಳಿ, ಚರ್ಮದ ಗುರುತು ಸ್ನಾನಕ್ಕೆ ಅಳಿಸುತ್ತದೆ.

4. ಕಾಯಿಲ್‌ನ ನಡುವಿನ ತೂತು ಆ ಗೆರೆಯ ಮೇಲೆ ಬರಲಿ. ಒಂದು ಸೆಂ.ಮೀ. ಆಚೀಚೆಯಾದರೆ ಚಿಂತೆಯಿಲ್ಲ. 10 ಸೆಂ.ಮೀ. ಅಗಲದ ಕಾಯಿಲ್ 5 ಸೆಂ.ಮೀ. ಸರಿದರೆ ಮುರಿತ ತಂತಿಯ ಕೆಳಗೇ ಬಂದುಬಿಡುತ್ತದೆ, ಅಲ್ಲಿ ಕ್ಷೇತ್ರದ ದಿಕ್ಕೇ ಬೇರೆ.

5. ಪಟ್ಟಿ ಬಿಗಿಯಾಗಿರಲಿ, ಆದರೆ ಒಂದು ಬೆರಳು ಒಳಗೆ ಹೋಗಬೇಕು. ಬಟ್ಟೆ ಒಂದೇ ಪದರ ಸಾಕು. ಚಳಿಗಾಲದಲ್ಲಿ ಕಾಲಿನ ಮೇಲೆ ಮೊದಲು ಕೌದಿ, ಅದರ ಮೇಲೆ ಕಾಯಿಲ್ ಕಟ್ಟುವವರಿದ್ದಾರೆ. ಮೊದಲು ಕಾಯಿಲ್, ಮೇಲೆ ಕೌದಿ.

ಪ್ಲಾಸ್ಟರ್ ಬದಲಿಸಿದ ದಿನ ಹಳೆಯ ಗೆರೆಯೂ ಕಸಕ್ಕೆ ಹೋಗುತ್ತದೆ ಎಂಬುದು ನೆನಪಿರಲಿ. ಕತ್ತರಿಸುವ ಮೊದಲೇ ಹರಡಿನಿಂದ ಗೆರೆಗೆ ಎಷ್ಟು ದೂರ ಎಂದು ಅಳೆದಿಟ್ಟುಕೊಳ್ಳಬೇಕು.

ನಿಜವಾಗಿ ನಡೆಯುತ್ತಿದೆಯೇ ಎಂದು ತಿಳಿಯಲು ಹಳೆಯ ಮೀಡಿಯಂ ವೇವ್ ರೇಡಿಯೋ ಉಪಯೋಗಕ್ಕೆ ಬರುತ್ತದೆ. ಧಾರವಾಡ ಆಕಾಶವಾಣಿ ಬರುವ ಜಾಗ ಬಿಟ್ಟು ಯಾವ ಸ್ಟೇಷನ್ನೂ ಇಲ್ಲದಲ್ಲಿ ಮುಳ್ಳು ನಿಲ್ಲಿಸಿ, ಕಾಯಿಲ್ ಹತ್ತಿರ ಹಿಡಿಯಿರಿ. ಮಿಡಿತಕ್ಕೆ ತಕ್ಕಂತೆ ಕರಕರ ಸದ್ದು ಕೇಳಬೇಕು. ಮೊದಲ ದಿನ, ಮಷಿನ್ ಸರಿಯಿದ್ದಾಗ ಎಷ್ಟು ಜೋರಾಗಿ ಕೇಳುತ್ತದೆ ಎಂದು ಗುರುತಿಟ್ಟುಕೊಂಡರೆ ಮುಂದೆ ಹೋಲಿಸಲು ಬರುತ್ತದೆ. ಮೊಬೈಲಿನ ಕಂಪಾಸ್ ಆ್ಯಪ್ ನಂಬಬೇಡಿ, ಅದು ನಿಧಾನ ಬದಲಾವಣೆಯನ್ನಷ್ಟೇ ಅಳೆಯುತ್ತದೆ. ಕಾಯಿಲ್‌ಗೆ ಹೋಗುವ ವೈರ್ ಬುಡದಲ್ಲಿ ಮಡಿಚಿ ಮಡಿಚಿ ಒಳಗೇ ತುಂಡಾಗುವುದು ಸಾಮಾನ್ಯ. ಸುತ್ತಿಡುವಾಗ ಅಗಲವಾಗಿ ಸುತ್ತಿ.

ತಾಸುಗಳ ಲೆಕ್ಕ

ಕೂಡದ ಎಲುಬಿನ 139 ರೋಗಿಗಳನ್ನು ವರ್ಷಗಟ್ಟಲೆ ಹಿಂಬಾಲಿಸಿ 1991ರಲ್ಲಿ ಪ್ರಕಟವಾದ ಒಂದು ವರದಿಯಲ್ಲಿ, ದಿನಕ್ಕೆ ಸರಾಸರಿ 3 ತಾಸಿಗಿಂತ ಹೆಚ್ಚು ಹಚ್ಚಿಕೊಂಡವರಲ್ಲಿ ಶೇ. 80ರಷ್ಟು ಕೂಡಿತ್ತು, ಕಡಿಮೆ ಹಚ್ಚಿಕೊಂಡವರಲ್ಲಿ ಶೇ. 36ರಷ್ಟು. ಡಾಕ್ಟರ್ ಹೇಳಿದಷ್ಟನ್ನು ಪಾಲಿಸುವವರು ಕಾಲೂ ಊರುವುದಿಲ್ಲ, ತಂಬಾಕೂ ಬಿಟ್ಟಿರುತ್ತಾರೆ, ಹಾಗಾಗಿ ಆ ವ್ಯತ್ಯಾಸವೆಲ್ಲ ಮಷಿನ್ನಿನದೇ ಎನ್ನಲಾಗದು. ಆದರೂ ತಾಸು ಕದಿಯುವುದರಿಂದ ಏನೂ ಸಿಗದು ಎನ್ನುವುದಕ್ಕೆ ಇಷ್ಟು ಸಾಕು.

8–10 ತಾಸಿನ ಮಷಿನ್ನಿಗೆ ರಾತ್ರಿಯೇ ಸರಿ. ಊಟವಾದ ಮೇಲೆ ಕಟ್ಟಿಕೊಂಡು ಮಲಗಿದರೆ ಬೆಳಗಿನ ಚಹಾದ ಹೊತ್ತಿಗೆ ತಾಸು ತುಂಬುತ್ತದೆ. ನಿದ್ದೆಯಲ್ಲಿ ಮಗ್ಗುಲು ಬದಲಿಸಿದಾಗ ಕಾಯಿಲ್ ಜಾರುತ್ತದೆ. ಕಾಲಿನ ಎರಡೂ ಕಡೆ ಮಡಿಚಿದ ದುಪ್ಪಟಿ ಒತ್ತಿಟ್ಟರೆ ಜಾರುವುದು ಕಡಿಮೆ. ಬೆಳಿಗ್ಗೆ ಬಿಚ್ಚುವ ಮೊದಲು ಅದು ಗೆರೆಯ ಮೇಲೆ ಇದೆಯೋ ಇಲ್ಲವೋ ನೋಡಿ, ಸರಿದಿದ್ದರೆ ಎಷ್ಟು ಎಂದು ಬರೆಯಿರಿ. 3 ತಾಸಿನದಾದರೆ ಮಧ್ಯಾಹ್ನ ಮಲಗುವ ಹೊತ್ತು ಅನುಕೂಲ. ಒಂದು ದಿನ ತಪ್ಪಿದರೆ ಮರುದಿನ ಎರಡರಷ್ಟು ಹಚ್ಚಿ ಸರಿದೂಗಿಸುವುದಿಲ್ಲ.

ಚಾರ್ಜ್ ಮಾಡುವುದು ಹಗಲಿನಲ್ಲಿ, ಕರೆಂಟ್ ಇದ್ದಾಗಲೇ. ಸಂಜೆ ಚಾರ್ಜಿಗೆ ಹಾಕೋಣ ಎಂದು ಬಿಟ್ಟರೆ ಅದೇ ಸಂಜೆ ಕರೆಂಟ್ ಹೋಗುತ್ತದೆ. ಪಂಪ್‌ಸೆಟ್ಟಿನ ಲೈನಿನಲ್ಲಿ ಚಾರ್ಜರ್ ಸಿಕ್ಕಿಸಬೇಡಿ, ಮೋಟರ್ ಬಿಟ್ಟಾಗ, ನಿಂತಾಗ ವೋಲ್ಟೇಜ್ ಕುಣಿಯುತ್ತದೆ. ಕಾಯಿಲ್ ಬೆಚ್ಚಗಾಗಬಹುದು, ಬಿಸಿ ಆಗಬಾರದು. ಕೈಯಿಟ್ಟರೆ ಹಿಡಿಯಲಾಗದಷ್ಟು ಕಾದರೆ ಬಿಚ್ಚಿ, ಮಷಿನ್ ವಾಪಸ್ ಕಳಿಸಿ. ಎಟಿಎಂ ಕಾರ್ಡ್, ಕಿವಿಯ ಮಷಿನ್, ಮೊಬೈಲ್ ಕಾಯಿಲ್‌ನಿಂದ ಒಂದು ಮೊಳ ದೂರ ಇರಲಿ.

ಒಂದು ನೋಟ್‌ಬುಕ್ ಇಡಿ. ತಾರೀಖು, ಹಚ್ಚಿದ ಹೊತ್ತು, ತೆಗೆದ ಹೊತ್ತು, ಮೀಟರಿನ ಅಂಕಿ, ನೋವು 0ಯಿಂದ 10ರಲ್ಲಿ ಎಷ್ಟು, ಅಂದು ಕಾಲು ಊರಿದ್ದೀರೋ ಇಲ್ಲವೋ. ಮೀಟರಿನ ಅಂಕಿಗೂ ನೀವು ಬರೆದದ್ದಕ್ಕೂ ತಾಳೆಯಾಗದಿದ್ದರೆ ಬ್ಯಾಟರಿ ನಡುರಾತ್ರಿ ನಿಲ್ಲುತ್ತಿದೆ ಎಂದೇ ತಿಳಿಯಿರಿ.

ಕಾಲು ಊರುವ ಮಾತು

1984ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಸಣ್ಣ ಪರೀಕ್ಷೆ ನಡೆಯಿತು. ಒಂದು ವರ್ಷವಾದರೂ ಟಿಬಿಯಾ ಕೂಡದ 16 ಜನ. 9 ಜನರಿಗೆ ನಿಜವಾದ ಮಷಿನ್, 7 ಜನರಿಗೆ ನೋಡಲು ಹಾಗೇ ಇರುವ ಸುಳ್ಳು ಮಷಿನ್. ಎಲ್ಲರಿಗೂ ತೊಡೆಯಿಂದ ಪಾದದವರೆಗೆ ಪ್ಲಾಸ್ಟರ್, ಎಲ್ಲರಿಗೂ ಕಾಲು ಊರಬೇಡಿ ಎಂಬ ಕಟ್ಟಪ್ಪಣೆ. 24 ವಾರಕ್ಕೆ ನೋಡಿದರೆ ನಿಜದವರಲ್ಲಿ 5, ಸುಳ್ಳಿನವರಲ್ಲೂ 5 ಎಲುಬು ಕೂಡಿದ್ದವು! ಕೂಡಿಸಿದ್ದು ಕದಲದೆ ಮಲಗಿದ್ದೇ ಇರಬೇಕು. ಅದೇ ದೇಶದಲ್ಲಿ 1990ರಲ್ಲಿ ಪ್ರಕಟವಾದ, 45 ಜನರ ಮೇಲೆ 12 ವಾರ ನಡೆದ ಪರೀಕ್ಷೆ ಬೇರೆ ಮಾತು ಹೇಳಿತು: ತಡವಾಗುತ್ತಿದ್ದ ಟಿಬಿಯಾಗಳಲ್ಲಿ ನಿಜದ ಮಷಿನ್ ಹಚ್ಚಿದ 20ರಲ್ಲಿ 10 ಎಕ್ಸ್‌ರೇಯಲ್ಲಿ ಕೂಡಿದ್ದವು ಇಲ್ಲವೇ ಮುಂದುವರಿದಿದ್ದವು, ಸುಳ್ಳಿನ 25ರಲ್ಲಿ ಬರೀ 2. ಹದಿನೈದು ಪರೀಕ್ಷೆಗಳನ್ನು ಒಟ್ಟಿಗೆ ಹಾಕಿ 2016ರಲ್ಲಿ ಮಾಡಿದ ಲೆಕ್ಕದಲ್ಲಿ, ಎಕ್ಸ್‌ರೇಯಲ್ಲಿ ಕೂಡದೆ ಉಳಿಯುವ ಸಂಭವ ಸುಮಾರು ಮೂರನೇ ಒಂದು ಪಾಲು ಇಳಿದಿತ್ತು, ನೋವು ಸ್ವಲ್ಪ ಕಡಿಮೆಯಾಗಿತ್ತು, ಆದರೆ ನಡೆದಾಟದಲ್ಲಿ ವ್ಯತ್ಯಾಸ ಕಾಣಲಿಲ್ಲ. ಹೀಗಾಗಿ ‘ಖಾತ್ರಿ ಕೂಡುತ್ತದೆ’ ಎಂದು ಯಾರೂ ಹೇಳಲಾಗದು. ಆಪರೇಷನ್ ತಪ್ಪಿಸಲು ಒಂದು ನ್ಯಾಯವಾದ ಪ್ರಯತ್ನ ಎನ್ನಬಹುದು.

ಮನೆಯಲ್ಲಿ ಕಾಲು ಅಲ್ಲಾಡುವುದು ಎಲ್ಲಿ? ಮೊದಲನೆಯದು ಕುಕ್ಕರುಗಾಲಿನ ಪಾಯಖಾನೆ. ಬಾಡಿಗೆಗಾದರೂ ಒಂದು ಕಮೋಡ್ ಕುರ್ಚಿ ತನ್ನಿ, ಅದು ಮಷಿನ್ನಿನಷ್ಟೇ ಮುಖ್ಯ. ಎರಡನೆಯದು ಎತ್ತರದ ಹೊಸ್ತಿಲು, ಕಟ್ಟೆ. ಮೂರನೆಯದು ‘ಸುಮ್ನ ಹೊಲದ ತನಕ ಬೈಕ್ ಹಿಂದ ಕುಂತು ಹೋಗಿ ಬರ್ತೀನಿ’. ನಡುವೆ ಪ್ಲಾಸ್ಟರ್ ತೆಗೆಸಿ ಎಲುಬು ಕಟ್ಟುವವರ ಹತ್ತಿರ ಬಿದಿರಿನ ಕಟ್ಟು ಕಟ್ಟಿಸಿ, ಎಣ್ಣೆ ತಿಕ್ಕಿಸಿಕೊಂಡು ಬಂದರೆ ತಿಂಗಳುಗಳ ಕೆಲಸ ಹಾಳು. ತಿಕ್ಕಿದಾಗ ಹೊಸದಾಗಿ ಹಿಡಿದ ಎಳೆಗಳು ಹರಿಯುತ್ತವೆ, ಬಿಗಿದಾಗ ರಕ್ತ ನಿಲ್ಲುತ್ತದೆ. ಊರುವುದು ಎಷ್ಟು, ಯಾವಾಗ ಎಂಬುದು ಒಳಗಿನ ಆಧಾರವನ್ನು ಅವಲಂಬಿಸಿದೆ. ಗಟ್ಟಿ ರಾಡ್ ಇರುವ ಕೆಲವರಿಗೆ ಡಾಕ್ಟರೇ ಸ್ವಲ್ಪ ಊರಲು ಹೇಳುತ್ತಾರೆ, ಪಕ್ಕದ ಮನೆಯವರ ಕಾಲಿನ ಲೆಕ್ಕ ನಿಮ್ಮ ಕಾಲಿಗಲ್ಲ.

ಊಟದ ಬಗ್ಗೆ ಹೆಚ್ಚು ಹೇಳುವುದಿಲ್ಲ. 60 ಕಿಲೋ ತೂಕದವರಿಗೆ ದಿನಕ್ಕೆ 70 ಗ್ರಾಂ ಪ್ರೋಟೀನ್ ಬೇಕು. ಬರೀ ರೊಟ್ಟಿ, ಖಾರದಿಂದ ಅದು ಬರುವುದಿಲ್ಲ. ರೊಟ್ಟಿಯ ಜೊತೆ ಕಾಳುಪಲ್ಲೆ, ಶೇಂಗಾ ಹಿಂಡಿ, ಮೊಸರು, ತಿನ್ನುವವರಿಗೆ ದಿನಕ್ಕೆರಡು ತತ್ತಿ. ಒಂದು ತತ್ತಿಯಲ್ಲಿ 6 ಗ್ರಾಂ, 100 ಗ್ರಾಂ ಶೇಂಗಾದಲ್ಲಿ 25 ಗ್ರಾಂ, ಅರ್ಧ ಲೀಟರ್ ಹಾಲಿನಲ್ಲಿ 16 ಗ್ರಾಂ. ಕ್ಯಾಲ್ಸಿಯಂ ಸುಮಾರು 1,000 ಮಿಲಿಗ್ರಾಂ ಬೇಕು. ಹಾಲು, ಎಳ್ಳು, ರಾಗಿಯಿಂದ ತುಂಬದಿದ್ದರೆ ಗುಳಿಗೆ.

ಎಕ್ಸ್‌ರೇ, ಮತ್ತು ನಿಲ್ಲಿಸುವುದು

ಪ್ರತಿ 4–6 ವಾರಕ್ಕೊಮ್ಮೆ ಎಕ್ಸ್‌ರೇ. ಸಾಧ್ಯವಾದರೆ ಅದೇ ಜಾಗದಲ್ಲಿ, ಕಾಲು ಅದೇ ಕೋನದಲ್ಲಿ ಇಟ್ಟು. ಕೋನ ತುಸು ತಿರುಗಿದರೂ ಗೆರೆ ಮಾಯವಾದಂತೆ ಕಾಣುತ್ತದೆ, ಮುಂದಿನ ಸಲ ಮತ್ತೆ ಹುಟ್ಟಿದಂತೆ ಕಾಣುತ್ತದೆ. ಹಳೆಯ ಚಿತ್ರಗಳನ್ನೆಲ್ಲ ತಾರೀಖಿನ ಪ್ರಕಾರ ಜೋಡಿಸಿ, ನೋಟ್‌ಬುಕ್ಕಿನ ಜೊತೆ ಒಯ್ಯಿರಿ. ಮೊದಲು ಕಿಮ್ಸ್ ಎನ್ನುತ್ತಿದ್ದ ಹುಬ್ಬಳ್ಳಿಯ ಕೆಎಂಸಿಆರ್‌ಐನಂಥ ದೊಡ್ಡ ಆಸ್ಪತ್ರೆಯ ಓಪಿಡಿಯಲ್ಲಿ ಪ್ರತಿ ಸಲ ಬೇರೆ ಡಾಕ್ಟರ್ ನೋಡುವುದು ಸಾಧ್ಯ, ಆಗ ಪೂರ್ತಿ ಕತೆ ಹೇಳುವುದು ಆ ಚೀಲವೇ.

ಮೊದಲು ಸುಧಾರಿಸುವುದು ನೋವು, ಆಮೇಲೆ ಅಂಚುಗಳು ಮಸುಕಾಗುತ್ತವೆ, ಅದರ ನಂತರ ಸೇತುವೆ. ನೋವು ಹೋಯಿತೆಂದು ಮಷಿನ್ ಬಿಚ್ಚಿಟ್ಟು ನಡೆಯಲು ಶುರು ಮಾಡಿದವರ ರಾಡ್ ಅಥವಾ ಅದರ ಸ್ಕ್ರೂ ಮುರಿಯುತ್ತದೆ. ಕೂಡದ ಎಲುಬಿನ ಭಾರವನ್ನೆಲ್ಲ ಹೊತ್ತು ಲೋಹ ದಣಿದಿರುತ್ತದೆ.

ಜ್ವರ, ಹೊಸ ಕೆಂಪು, ಗಾಯದಿಂದ ರಸ, ಬೆರಳು ಜೋಮು ಹಿಡಿಯುವುದು, ಪ್ಲಾಸ್ಟರಿನೊಳಗೆ ಏರುತ್ತಲೇ ಹೋಗುವ ನೋವು ಇದ್ದರೆ ತಾರೀಖು ಕಾಯದೆ ಅದೇ ದಿನ ಆಸ್ಪತ್ರೆಗೆ ಹೋಗಿ.

ಹೇಳಿದಷ್ಟು ತಾಸು ತಪ್ಪದೆ ಹಚ್ಚಿ, 3 ತಿಂಗಳಾದರೂ ಚಿತ್ರದಲ್ಲಿ ಏನೂ ಬದಲಾಗದಿದ್ದರೆ ‘ಇನ್ನೊಂದು ಆರು ತಿಂಗಳು ನೋಡೋಣ’ ಎನ್ನಬೇಡಿ. ಹಳೆಯ ರಾಡ್ ತೆಗೆದು ದಪ್ಪ ರಾಡ್ ಹಾಕುವುದು, ಸೊಂಟದ ಎಲುಬಿನ ಚೂರು ತುಂಬುವುದು, ಅಂತರ ದೊಡ್ಡದಿದ್ದರೆ ಕಾಲಿನ ಹೊರಗೆ ಬಳೆಗಳನ್ನು ಕಟ್ಟುವ ಇಲಿಜರೋವ್ ರಿಂಗ್: ಇವುಗಳಲ್ಲಿ ಯಾವುದು ಸರಿ ಎಂದು ಆಗಲೇ ಮಾತಾಡಬೇಕು. ಮಾಂಸಖಂಡ ಸವೆಯುತ್ತ, ಕೀಲು ಬಿಗಿಯುತ್ತ ಹೋದಷ್ಟೂ ಆಪರೇಷನ್ ಆದ ಮೇಲೂ ನಡೆಯುವುದು ಕಷ್ಟ. ಬದಲಾವಣೆ ಕಾಣುತ್ತಿದ್ದರೆ ಮೂರು ಗೋಡೆ ಕೂಡುವವರೆಗೆ ಮುಂದುವರಿಸಿ, ಕೂಡಿದೆ ಎಂದು ಡಾಕ್ಟರ್ ಬರೆದುಕೊಟ್ಟ ಮೇಲೆ ಮಷಿನ್ ವಾಪಸ್ ಕೊಡಿ. ಊರುಗೋಲನ್ನು ಮಾತ್ರ ಅದೇ ದಿನ ಬಿಡಬೇಡಿ. ಎರಡರಿಂದ ಒಂದಕ್ಕೆ, ಒಂದರಿಂದ ಬರಿಗಾಲಿಗೆ ಬರಲು ಕೆಲವು ವಾರ ಹಿಡಿಯುತ್ತದೆ.